ಹಸುವಿಗೆ ನೆರಳುಂಟು, ಟ್ರ್ಯಾಕ್ಟರ್ ಮೇಲಿನವರಿಗೆ?



ಬೇಸಿಗೆ ಬಂತೆಂದರೆ ಹಸು, ಎಮ್ಮೆಗಳನ್ನು ತಂಪಾಗಿ ಇಡುವುದು ಹೇಗೆಂದು ಈ ಪುಟಗಳಲ್ಲಿ ಬರೆಯುತ್ತೇವೆ. ಕೊಟ್ಟಿಗೆಯ ತಗಡಿನ ಮೇಲೆ ಗರಿ ಅಥವಾ ಹುಲ್ಲು ಹೊದಿಸಿ, ತೊಟ್ಟಿಯಲ್ಲಿ ದಿನವಿಡೀ ನೀರಿರಲಿ, ಮಧ್ಯಾಹ್ನ ಮೈಮೇಲೆ ನೀರು ಚಿಮುಕಿಸಿ, ಮೇವನ್ನು ಬೆಳಗಿನ ಮತ್ತು ರಾತ್ರಿಯ ತಂಪಿನಲ್ಲಿ ಹಾಕಿ ಎಂದು ಹೇಳುತ್ತೇವೆ. ನಿಮ್ಮಲ್ಲಿ ಬಹಳಷ್ಟು ಮಂದಿ ಅದನ್ನು ತಪ್ಪದೆ ಮಾಡುತ್ತೀರಿ. ಮಿಶ್ರತಳಿ ಹಸು ಬಾಯಿ ತೆರೆದು ತೇಕತೊಡಗಿದರೆ ಮನೆಯವರೆಲ್ಲ ಓಡಿ ಬರುತ್ತಾರೆ, ಪಶುವೈದ್ಯರಿಗೆ ಫೋನ್ ಹೋಗುತ್ತದೆ.

ಅದೇ ಹೊತ್ತಿನಲ್ಲಿ ಆ ಮನೆಯ ಯಜಮಾನರೋ ಮಗನೋ ಊರಾಚೆಯ ಹೊಲದಲ್ಲಿ ತೆರೆದ ಟ್ರ್ಯಾಕ್ಟರಿನ ಮೇಲೆ ಕುಳಿತಿರುತ್ತಾರೆ. ಮೇಲೆ ನೆರಳಿಲ್ಲ. ಬೆಳಿಗ್ಗೆ ತುಂಬಿಕೊಂಡು ಹೋದ ಒಂದು ಬಾಟಲಿ ನೀರು ಕಾದು ಬಿಸಿಯಾಗಿತ್ತು, ಅದೂ ಮುಗಿದಿದೆ. ತಲೆ ಸಿಡಿಯುತ್ತಿದೆ. ಆದರೂ "ಇನ್ನು ನಾಲ್ಕು ಸಾಲು ತಾನೆ, ಮುಗಿಸಿಯೇ ಹೋಗೋಣ" ಎಂದುಕೊಳ್ಳುತ್ತಾರೆ. ಅವರು ಹೇಗಿದ್ದಾರೆಂದು ನೋಡುವವರು ಅಲ್ಲಿ ಯಾರೂ ಇಲ್ಲ.

ಈ ಸಲದ ಲೇಖನ ಅವರಿಗಾಗಿ. ಹಸುವಿಗೆ ಬೇಕೆಂದು ನಾವು ಹೇಳುವ ನೆರಳು, ನೀರು, ಗಾಳಿ ಮತ್ತು ಸರಿಯಾದ ಹೊತ್ತು, ಇವು ನಾಲ್ಕೂ ಟ್ರ್ಯಾಕ್ಟರ್ ಓಡಿಸುವವರಿಗೂ ಬೇಕು. ಇವುಗಳಿಗೆ ಹೆಚ್ಚು ಖರ್ಚಿಲ್ಲ. ದಿನದ ಕೆಲಸವನ್ನು ಸ್ವಲ್ಪ ಬೇರೆ ರೀತಿ ಹೊಂದಿಸಿಕೊಂಡರೆ ಸಾಕು.

ಹೈನುಗಾರರಿಗೇ ಬಿಸಿಲು ಹೆಚ್ಚು, ಯಾಕೆ?

ಮಳೆ ಬೀಳುವ ಮುಂಚಿನ ಎರಡು ಮೂರು ತಿಂಗಳು ಟ್ರ್ಯಾಕ್ಟರಿಗೆ ಬಿಡುವೇ ಇರುವುದಿಲ್ಲ. ಮಾಗಿ ಉಳುಮೆ ಆಗಬೇಕು, ತಿಪ್ಪೆಗೊಬ್ಬರ ಹೊಲ ಸೇರಬೇಕು, ಜೋಳದ ಕಣಿಕೆ ಬಣವೆಗೆ ಬರಬೇಕು. ಕಾಲುವೆ ನೀರಿನ ಕಡೆ ಬೇಸಿಗೆ ಭತ್ತ ಕೊಯ್ದ ಮೇಲೆ ಹುಲ್ಲನ್ನು ತರಬೇಕು. ಇದೆಲ್ಲ ಏಪ್ರಿಲ್, ಮೇ ತಿಂಗಳ ಕೆಲಸ.

ಇನ್ನು ನಿಮ್ಮ ದಿನವನ್ನು ನೋಡಿ. ಬೆಳಿಗ್ಗೆ 5ಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಸಂಘಕ್ಕೆ ಹಾಕಿ, ಮೇವು ನೀರು ನೋಡಿ, ತಿಂಡಿ ತಿಂದು ಟ್ರ್ಯಾಕ್ಟರ್ ಹೊರಡುವಾಗ 9 ಗಂಟೆ. ಸಂಜೆ ಹಾಲಿಗೆ 4 ಅಥವಾ 5ಕ್ಕೆ ಮತ್ತೆ ಕೊಟ್ಟಿಗೆಯಲ್ಲಿರಬೇಕು. ಹೀಗೆ ಹೊಲಕ್ಕೆ ಉಳಿಯುವುದು ದಿನದ ಅತಿ ಬಿಸಿಯ ಹೊತ್ತು. ಹೈನು ಇಲ್ಲದ ರೈತರು ಬೆಳಗಿನ ತಂಪಿನಲ್ಲಿ ಉತ್ತು ಮನೆಗೆ ಬರುವ ಸಮಯಕ್ಕೆ ನೀವು ಹೊಲಕ್ಕೆ ಹೋಗುತ್ತೀರಿ.

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆಯ ಈ ಎರಡು ತಿಂಗಳು ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಮಾತ್ರ ನಡೆಸುವ ರೂಢಿ ಇದೆ. ಫ್ಯಾನಿನ ಕೆಳಗೆ ಕೂರುವವರಿಗೇ ಈ ಏರ್ಪಾಡು ಬೇಕೆಂದಾದರೆ, ಕಾದ ಕಬ್ಬಿಣದ ಮೇಲೆ ಕೂರುವವರಿಗೆ ಬೇಡವೇ?

ಇನ್ನೊಂದು ವಿಷಯ ಗಮನಿಸಿ. ಹವಾಮಾನ ಇಲಾಖೆ "ಇಂದು 41 ಡಿಗ್ರಿ" ಎಂದು ಹೇಳುವಾಗ ಅದು ನೆರಳಿನ ಲೆಕ್ಕ. ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯೊಳಗೆ ಉಷ್ಣಮಾಪಕ ಇಟ್ಟು ಅದನ್ನು ಅಳೆಯುತ್ತಾರೆ. ನೇರ ಬಿಸಿಲಿನಲ್ಲಿ ಕುಳಿತವರಿಗೆ ತಟ್ಟುವ ಶಾಖ ಅದಕ್ಕಿಂತ 7–8 ಡಿಗ್ರಿಯವರೆಗೂ ಹೆಚ್ಚಾಗಬಹುದು.

ಬಿಸಿಲು ಮೇಲಿನಿಂದ, ಬೇಗೆ ಕೆಳಗಿನಿಂದ

ಟ್ರ್ಯಾಕ್ಟರಿನಲ್ಲಿ ಶಾಖ ಒಂದೇ ಕಡೆಯಿಂದ ಬರುವುದಿಲ್ಲ. ನೀವು ಹಾಕುವ ಡೀಸೆಲ್‌ನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದದ್ದು ಶಾಖವಾಗಿ ಸೈಲೆನ್ಸರ್, ರೇಡಿಯೇಟರ್ ಮತ್ತು ಇಂಜಿನ್ನಿನ ಮೈಯಿಂದ ಹೊರಬೀಳುತ್ತದೆ. ಇಂಜಿನ್ ಮುಂದಿನ ಫ್ಯಾನು ರೇಡಿಯೇಟರ್ ಮೂಲಕ ಗಾಳಿ ಎಳೆದು ಹಿಂದಕ್ಕೆ ತಳ್ಳುತ್ತದೆ. ಆ ಬಿಸಿಗಾಳಿ ಬಂದು ಬಡಿಯುವುದು ನಿಮ್ಮ ಮೊಣಕಾಲಿಗೆ, ಹೊಟ್ಟೆಗೆ. ಕಾಲಿನ ಕೆಳಗೆ ಗೇರ್ ಬಾಕ್ಸ್, ಸೀಟಿನ ಕೆಳಗೆ ಕಾದ ಹೈಡ್ರಾಲಿಕ್ ಎಣ್ಣೆ. ಅದರ ಕೆಳಗೆ ಬಿಸಿಲಿಗೆ ಸುಟ್ಟ ಎರೆಭೂಮಿ.

ಇದನ್ನು ಸ್ವಲ್ಪ ಕಡಿಮೆ ಮಾಡಬಹುದು. ಇಂಜಿನ್ ಪಕ್ಕದ ತಗಡುಗಳನ್ನು ಕಳಚಿಟ್ಟಿದ್ದರೆ ಮತ್ತೆ ಹಾಕಿಸಿ, ಬಿಸಿಗಾಳಿ ನೇರವಾಗಿ ಕಾಲಿಗೆ ಬಡಿಯುವುದು ತಪ್ಪುತ್ತದೆ. ಕಾಲಿಡುವ ತಗಡಿನ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಅದು ಪೆಡಲ್‌ಗಳ ಕೆಳಗೆ ಸರಿಯದಂತೆ ಬಿಗಿಯಾಗಿ ಕೂತಿರಲಿ. ಸೈಲೆನ್ಸರ್ ತೂತು ಬಿದ್ದಿದ್ದರೆ ಸರಿ ಮಾಡಿಸಿ. ರೇಡಿಯೇಟರ್ ಜಾಲರಿಯಲ್ಲಿ ಕೂತ ಹೊಟ್ಟು ದೂಳನ್ನು ದಿನಾ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ತೆಗೆಯಿರಿ. ಕಪ್ಪು ರೆಕ್ಸಿನ್ ಸೀಟಿನ ಮೇಲೆ ಹತ್ತಿ ಬಟ್ಟೆಯ ಅಥವಾ ಗೋಣಿಯ ಹೊದಿಕೆ ಕಟ್ಟಿ. ಬರಿಗಾಲಿನಲ್ಲಿ ಓಡಿಸಬೇಡಿ.

ಉಳುವಾಗ ಗಾಳಿಯ ದಿಕ್ಕನ್ನೂ ನೋಡಿ. ಗಾಳಿಯ ಜೊತೆಗೇ ಟ್ರ್ಯಾಕ್ಟರ್ ಸಾಗಿದರೆ ಗಾಳಿ ನಿಂತ ಹಾಗಾಗುತ್ತದೆ; ಇಂಜಿನ್ನಿನ ಬಿಸಿ, ಹೊಗೆ, ದೂಳು ಎಲ್ಲವೂ ನಿಮ್ಮ ಸುತ್ತಲೇ ಸುಳಿಯುತ್ತವೆ. ಗಾಳಿಗೆ ಅಡ್ಡಲಾಗಿ ಸಾಲು ಹಿಡಿದರೆ ಹೋಗುವಾಗಲೂ ಬರುವಾಗಲೂ ಗಾಳಿ ಸಿಗುತ್ತದೆ, ದೂಳು ಪಕ್ಕಕ್ಕೆ ಹೋಗುತ್ತದೆ. ಇಳಿಜಾರಿನ ಹೊಲದಲ್ಲಿ ಮಾತ್ರ ಮಣ್ಣು ಕೊಚ್ಚದಂತೆ ಇಳಿಜಾರಿಗೆ ಅಡ್ಡ ಉಳುವುದೇ ಮುಖ್ಯ. ಸಮತಟ್ಟಾದ ಹೊಲದಲ್ಲಿ ಗಾಳಿ ನೋಡಿ ಸಾಲು ಹಿಡಿಯಿರಿ.

ಮೈಯನ್ನು ತಂಪಾಗಿಡುವುದು ಬೆವರು

ನಮ್ಮ ಮೈಯ ಶಾಖ 37 ಡಿಗ್ರಿ ಆಸುಪಾಸು. ಅದನ್ನು ಅಲ್ಲಿಯೇ ಹಿಡಿದಿಡಲು ಮೈ ಬೆವರುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಮೈಯಿಂದ ಒಯ್ಯುತ್ತದೆ. ಏಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವ ಶಾಖಕ್ಕಿಂತ ಇದು ಹೆಚ್ಚು. ಬೆವರಿನ ಕೆಲಸ ಅಷ್ಟು ದೊಡ್ಡದು.

ಆದರೆ ತೆರೆದ ಟ್ರ್ಯಾಕ್ಟರ್ ಮೇಲೆ ಇಲ್ಲೊಂದು ಮೋಸವಿದೆ. ಒಣಗಾಳಿಯಲ್ಲಿ ಬೆವರು ಬಂದ ಹಾಗೆಯೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗುವುದಿಲ್ಲ. "ನನಗೇನು ಅಷ್ಟು ಬೆವರು ಬರಲಿಲ್ಲ" ಎಂದು ಅನ್ನಿಸುತ್ತದೆ. ಸಂಜೆ ಅಂಗಿಯ ಬೆನ್ನು ನೋಡಿದರೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಬಿಸಿಲಿನಲ್ಲಿ ಬೆವರುವ ಕೆಲಸ ಮಾಡುವವರ ಮೈಯಿಂದ ಗಂಟೆಗೆ ಒಂದು ಲೀಟರ್‌ವರೆಗೆ, ಕೆಲವರಲ್ಲಿ ಅದಕ್ಕಿಂತಲೂ ಹೆಚ್ಚು ನೀರು ಹೋಗಬಹುದು. ಆ ನೀರು ಮರಳಿ ಬರದಿದ್ದರೆ ಬೆವರುವ ಶಕ್ತಿಯೇ ಕುಗ್ಗುತ್ತದೆ, ಮೈ ಕಾಯತೊಡಗುತ್ತದೆ.

ಇನ್ನೊಂದು ಮಾತು. ಮೈ ಚರ್ಮದ ಶಾಖ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾಗಿದ್ದರೆ ಒಣ ಮೈಗೆ ಆ ಗಾಳಿ ತಂಪು ಕೊಡುವುದಿಲ್ಲ, ಬಿಸಿಯನ್ನೇ ತುಂಬುತ್ತದೆ. ಮೈ ಒದ್ದೆಯಾಗಿದ್ದರೆ ಮಾತ್ರ ತಂಪು. ಹಾಗಾಗಿಯೇ ಕುತ್ತಿಗೆಯ ಒದ್ದೆ ಬಟ್ಟೆ ಅಷ್ಟು ಹಿತ. ಮೇ ಕೊನೆಗೆ ಮೋಡ ಕವಿದು ಸೆಕೆ ಹೆಚ್ಚಿದ ದಿನ ಬೆವರು ಆರುವುದೇ ಇಲ್ಲ. "ಇವತ್ತು ಬಿಸಿಲಿಲ್ಲ" ಎಂದು ಆ ದಿನ ಮೈಮರೆಯಬೇಡಿ.

ಹೊತ್ತು ಬದಲಿಸಿ

ಬಿಸಿಲಿನಿಂದ ಉಳಿಯುವ ಮೊದಲ ಉಪಾಯ ಆ ಹೊತ್ತಿನಲ್ಲಿ ಅಲ್ಲಿರದಿರುವುದು. ಹಾಲು ಕರೆಯುವ ಹೊತ್ತನ್ನು ಮಾತ್ರ ಆಚೀಚೆ ಮಾಡಬೇಡಿ. ಹಸುವಿಗೆ ಅದು ಒಗ್ಗುವುದಿಲ್ಲ, ಸಂಘದ ವೇಳೆಯೂ ನಿಮಗಾಗಿ ಕಾಯುವುದಿಲ್ಲ. ಟ್ರ್ಯಾಕ್ಟರಿನ ಹೊತ್ತನ್ನೇ ಬದಲಿಸಿಕೊಳ್ಳಬೇಕು.

ಮನೆಯಲ್ಲಿ ಇಬ್ಬರಿದ್ದರೆ ಕೆಲಸ ಹಂಚಿಕೊಳ್ಳಿ. ಒಬ್ಬರು ಕೊಟ್ಟಿಗೆ ಮತ್ತು ಸಂಘದ ಕೆಲಸ ನೋಡಿಕೊಂಡರೆ, ಇನ್ನೊಬ್ಬರು ಬೆಳಕು ಹರಿಯುತ್ತಿದ್ದಂತೆ 5.30ಕ್ಕೆ ಹೊಲಕ್ಕೆ ಹೋಗಿ 10.30ಕ್ಕೆ ಮರಳಬಹುದು. ಐದು ಗಂಟೆ ಕೆಲಸ ಬಿಸಿಲೇರುವ ಮುಂಚೆಯೇ ಮುಗಿಯುತ್ತದೆ. ಮಧ್ಯಾಹ್ನ ಅವರು ಕೊಟ್ಟಿಗೆ ನೋಡಿಕೊಂಡರೆ ಬೆಳಿಗ್ಗೆ ಹಾಲು ಕರೆದವರಿಗೂ ವಿಶ್ರಾಂತಿ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ಎರಡು ಹೊತ್ತಿನ ಹಾಲೂ ಹೆಣ್ಣುಮಕ್ಕಳ ಪಾಲಿಗೇ ಬರುತ್ತದೆ, ಅದನ್ನು ಮರೆಯದಿರೋಣ.

ಒಬ್ಬರೇ ಇದ್ದರೆ ದಿನವನ್ನು ಎರಡು ತುಂಡು ಮಾಡಿ. ಹಾಲು ಹಾಕಿ, ತಿಂಡಿಯನ್ನು ಕಟ್ಟಿಕೊಂಡು 7ಕ್ಕೆ ಹೊಲದಲ್ಲಿದ್ದರೆ 11ರ ತನಕ ನಾಲ್ಕು ಗಂಟೆ ಸಿಗುತ್ತದೆ. ಸಂಜೆ ಹಾಲು ಹಾಕಿದ ಮೇಲೆ 6ರಿಂದ 8ರ ತನಕ ಇನ್ನೆರಡು ಗಂಟೆ. ಸಂಜೆ ಕತ್ತಲಾದ ಮೇಲೆ ಉಳುವುದಾದರೆ ಮುಂದಿನ ಎರಡು ದೀಪ, ಹಿಂದಿನ ದೀಪ ಸರಿಯಾಗಿ ಉರಿಯಬೇಕು. ಬಾವಿ, ಬದು, ಕಾಲುವೆ ದಂಡೆ ಇರುವ ಹೊಲವನ್ನು ರಾತ್ರಿಗೆ ಇಟ್ಟುಕೊಳ್ಳಬೇಡಿ. ನಿದ್ದೆಗೆಟ್ಟು ರಾತ್ರಿ ಉಳುವುದಂತೂ ಬೇಡವೇ ಬೇಡ.

ಹೊಲಗಳ ಸರದಿಯನ್ನೂ ಯೋಚಿಸಿ. ಒಂದೂ ಮರವಿಲ್ಲದ ಬಯಲು ಹೊಲವನ್ನು ಬೆಳಗಿನ ಮೊದಲ ಹೊತ್ತಿಗೆ ಇಟ್ಟುಕೊಳ್ಳಿ. ಬೇವಿನ ಮರ, ಬೋರ್‌ವೆಲ್ ಹತ್ತಿರ ಇರುವ ಹೊಲ ಆಮೇಲಿನ ಹೊತ್ತಿಗಿರಲಿ. ಮಧ್ಯಾಹ್ನ 12ರಿಂದ 4ರ ತನಕ ನೆರಳಿನಲ್ಲಿ ಮಾಡುವ ಕೆಲಸ ಮಾಡಿ: ಗ್ರೀಸ್ ಹಾಕುವುದು, ಕುಳ ಬದಲಿಸುವುದು, ಲೆಕ್ಕ ಬರೆಯುವುದು, ಇಲ್ಲವೇ ಒಂದು ಗಂಟೆ ಮಲಗುವುದು. ಟ್ರೇಲರ್ ಕೆಳಗೆ ಮಾತ್ರ ಮಲಗಬೇಡಿ. ಯಾರೋ ಬಂದು ಟ್ರ್ಯಾಕ್ಟರ್ ಚಾಲೂ ಮಾಡಿದರೆ ಕೆಳಗೆ ಮಲಗಿದವರು ಕಾಣುವುದಿಲ್ಲ.

ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆ ಈಗ ಎಲ್ಲರ ಫೋನಿಗೂ ಬರುತ್ತದೆ. ಬಯಲು ಸೀಮೆಯಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ತಲುಪಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಹೆಚ್ಚು ಏರಿದಾಗ, ಇಲ್ಲವೇ 45 ಡಿಗ್ರಿ ಮುಟ್ಟಿದಾಗ ಶಾಖದ ಅಲೆ ಎನ್ನುತ್ತಾರೆ. ಕಿತ್ತಳೆ ಅಥವಾ ಕೆಂಪು ಬಣ್ಣ ಕಂಡ ದಿನ ಬೆಳಗಿನ ಕೆಲಸಕ್ಕೇ ನಿಲ್ಲಿಸಿ.

ನೆರಳು ಕಟ್ಟಿ

ಟ್ರ್ಯಾಕ್ಟರಿಗೆ ಟಾಪ್ ಹಾಕಿಸುವುದು ಶೋಕಿಯಲ್ಲ, ಅದು ಕೆಲಸದ ಸಲಕರಣೆ. ಕಂಪನಿಯದೇ ಟಾಪ್ ಸಿಕ್ಕರೆ ಒಳ್ಳೆಯದು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದಾದರೆ ಕೆಲವು ವಿಷಯ ನೆನಪಿಡಿ.

ಬರೀ ಒಂದು ಪದರ ತಗಡು ಹಾಕಿದರೆ ಅದೇ ಕಾದು ನಿಮ್ಮ ತಲೆಯ ಮೇಲೆ ಬೇಗೆ ಸುರಿಯುತ್ತದೆ. ತಗಡಿನ ಮೇಲ್ಭಾಗಕ್ಕೆ ಬಿಳಿ ಬಣ್ಣ ಬಳಿಸಿ. ಕೆಳಗೆ ಎರಡು ಬೆರಳು ಸಂದು ಬಿಟ್ಟು ಇನ್ನೊಂದು ಪದರ ಹಾಕಿಸಿದರೆ ಇನ್ನೂ ಒಳ್ಳೆಯದು. ನಡುವೆ ಗಾಳಿ ಆಡುತ್ತದೆ. ಕಪ್ಪು ಟಾರ್ಪಾಲಿಗಿಂತ ತಿಳಿ ಬಣ್ಣದ ದಪ್ಪ ಕ್ಯಾನ್ವಾಸ್ ಮೇಲು. ನಾಲ್ಕೂ ಬದಿ ತೆರೆದಿರಲಿ, ಹಿಂದಿನ ಸಲಕರಣೆ ಕಣ್ಣಿಗೆ ಕಾಣುವಂತಿರಲಿ.

ಟ್ರ್ಯಾಕ್ಟರ್ ಪಲ್ಟಿಯಾದಾಗ ಚಾಲಕರನ್ನು ಕಾಪಾಡುವ ರೋಲ್ ಬಾರ್ ಇದ್ದರೆ ಅದಕ್ಕೆ ತೂತು ಕೊರೆಯಬೇಡಿ, ವೆಲ್ಡಿಂಗ್ ಮಾಡಿಸಬೇಡಿ. ಅದರ ಬಲ ಕುಗ್ಗುತ್ತದೆ. ಕ್ಲಾಂಪ್ ಹಾಕಿ ಬಿಗಿಸಿ. ನೆರಳಿನ ಟಾಪ್ ಇದ್ದ ಮಾತ್ರಕ್ಕೆ ಪಲ್ಟಿಯಾದಾಗ ರಕ್ಷಣೆ ಸಿಗುತ್ತದೆ ಎಂದು ತಿಳಿಯಬೇಡಿ. ಟಾಪ್ ಹಾಕಿದ ಮೇಲೆ ಟ್ರ್ಯಾಕ್ಟರಿನ ಎತ್ತರ ಹೆಚ್ಚುತ್ತದೆ. ಜೋತುಬಿದ್ದ ವಿದ್ಯುತ್ ತಂತಿ, ಮರದ ಕೊಂಬೆಗಳ ಕೆಳಗೆ ಹೋಗುವಾಗ ಜ್ಞಾಪಕವಿರಲಿ. ಸಂತೆಯ ದೊಡ್ಡ ಕೊಡೆಯನ್ನು ಕಟ್ಟಿಕೊಳ್ಳುವವರೂ ಇದ್ದಾರೆ. ಸುಳಿಗಾಳಿಗೆ ಅದು ಮಗುಚಿ ಕಣ್ಣಿಗೆ ಅಡ್ಡ ಬರುತ್ತದೆ. ರಸ್ತೆಗಿಳಿಯುವ ಮುನ್ನ ಅದನ್ನು ಮಡಚಿಡಿ.

ಬಟ್ಟೆ ಸಡಿಲ, ಟವೆಲ್ ಬಿಗಿ

ತಿಳಿ ಬಣ್ಣದ, ತುಂಬು ತೋಳಿನ ಹತ್ತಿ ಅಂಗಿ ಹಾಕಿ. ಬನಿಯನ್ ಮೇಲೆ ಕುಳಿತರೆ ತಂಪೆನಿಸಬಹುದು, ಆದರೆ ಬಿಸಿಲು ನೇರ ಚರ್ಮಕ್ಕೆ ಬಡಿಯುತ್ತದೆ. ತಲೆಗೆ ಅಗಲ ಅಂಚಿನ ಟೊಪ್ಪಿ ಅಥವಾ ಹತ್ತಿ ರುಮಾಲು. ರುಮಾಲನ್ನು ನೀರಿನಲ್ಲಿ ಅದ್ದಿ ಹಿಂಡಿ ಸುತ್ತಿಕೊಂಡರೆ ಬಹಳ ಹಿತ. ಅರ್ಧ ಗಂಟೆಗೊಮ್ಮೆ ಮತ್ತೆ ಅದ್ದಿ.

ಇಲ್ಲಿಯೇ ಒಂದು ಅಪಾಯವೂ ಇದೆ. ಟ್ರ್ಯಾಕ್ಟರಿನ ಪಿ.ಟಿ.ಓ. ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಒಂದು ಸೆಕೆಂಡಿಗೆ 9 ಸುತ್ತು. ಜೋತುಬಿದ್ದ ಟವೆಲ್ಲಿನ ತುದಿ, ಲುಂಗಿ, ಸೆರಗು ಅದಕ್ಕೆ ಸಿಕ್ಕಿದರೆ ಬಿಡಿಸಿಕೊಳ್ಳಲು ಹೊತ್ತೇ ಇರುವುದಿಲ್ಲ. ಕುತ್ತಿಗೆಯ ಒದ್ದೆ ಬಟ್ಟೆ ಚಿಕ್ಕದಾಗಿರಲಿ, ಎರಡೂ ತುದಿಯನ್ನು ಅಂಗಿಯೊಳಗೆ ತೂರಿಸಿ. ಉದ್ದ ಟವೆಲ್ಲನ್ನು ಹೆಗಲ ಮೇಲೆ ಬಿಟ್ಟುಕೊಂಡು ರೋಟವೇಟರ್ ಅಥವಾ ಮೇವು ಕತ್ತರಿಸುವ ಯಂತ್ರದ ಹತ್ತಿರ ಹೋಗಬೇಡಿ. ಶಾಫ್ಟಿನ ಮೇಲಿನ ಕವರ್ ಕಳಚಿ ಬಿಸಾಡಿದ್ದರೆ ಇವತ್ತೇ ಹೊಸದು ಹಾಕಿಸಿ.

ನೀರು: ಬಾಯಾರುವ ತನಕ ಕಾಯಬೇಡಿ

ಟ್ರ್ಯಾಕ್ಟರಿನ ಮೀಟರ್ ಮುಳ್ಳು ಕೆಂಪಿಗೆ ಬಂದರೆ ನೀವು ಒಂದು ಸಾಲೂ ಮುಂದೆ ಹೋಗುವುದಿಲ್ಲ, ಇಂಜಿನ್ ನಿಲ್ಲಿಸುತ್ತೀರಿ. ನಿಮ್ಮ ಮೈಗೂ ಒಂದು ಮೀಟರ್ ಇದೆ, ಅದು ಮೂತ್ರದ ಬಣ್ಣ. ತಿಳಿ ಹಳದಿ ಇದ್ದರೆ ಮೈಯಲ್ಲಿ ನೀರಿದೆ. ಗಾಢ ಹಳದಿಯಾಗಿದ್ದರೆ, ಉರಿಯುತ್ತಿದ್ದರೆ, ಬೆಳಗಿನಿಂದ ಮಧ್ಯಾಹ್ನದ ತನಕ ಮೂತ್ರವೇ ಬಂದಿಲ್ಲವೆಂದರೆ ಮುಳ್ಳು ಕೆಂಪಿನಲ್ಲಿದೆ ಎಂದು ತಿಳಿಯಿರಿ.

ಇಪ್ಪತ್ತು ನಿಮಿಷಕ್ಕೆ ಒಂದು ಲೋಟ, ಅಂದರೆ ಸುಮಾರು 250 ಮಿಲಿ ಲೀಟರ್ ಕುಡಿಯಿರಿ. ಗಂಟೆಗೆ ಮುಕ್ಕಾಲು ಲೀಟರ್ ಆಯಿತು. ನಾಲ್ಕು ಗಂಟೆ ಕೆಲಸಕ್ಕೆ ಮೂರು ಲೀಟರ್ ಬೇಕು. ಆದ್ದರಿಂದ ಒಂದು ಬಾಟಲಿ ಸಾಲದು, ಐದು ಲೀಟರ್ ಕ್ಯಾನ್ ಒಯ್ಯಿರಿ. ಗಡಿಯಾರ ನೋಡುವ ಬದಲು ಇಂತಿಷ್ಟು ಸಾಲಿಗೊಮ್ಮೆ ಎಂದು ಲೆಕ್ಕ ಇಟ್ಟುಕೊಂಡರೆ ಸುಲಭ. ಒಮ್ಮೆಲೇ ಹೊಟ್ಟೆ ತುಂಬ ಕುಡಿಯುವುದು ಒಳ್ಳೆಯದಲ್ಲ. ಗಂಟೆಗೆ ಒಂದೂವರೆ ಲೀಟರ್ ಮೀರದಿರಲಿ.

ಕ್ಯಾನಿಗೆ ಗೋಣಿ ಸುತ್ತಿ, ಗೋಣಿಯನ್ನು ತೋಯಿಸಿ ನೆರಳಿನಲ್ಲಿಡಿ. ಗಾಳಿಗೆ ಗೋಣಿ ಆರುತ್ತ ನೀರು ತಣ್ಣಗಾಗುತ್ತದೆ. ಬೆವರು ಮೈಗೆ ಮಾಡುವ ಕೆಲಸವನ್ನೇ ಗೋಣಿ ಕ್ಯಾನಿಗೆ ಮಾಡುತ್ತದೆ. ಔಷಧಿ ಹೊಡೆಯುವ ಕ್ಯಾನನ್ನು ಎಷ್ಟೇ ತೊಳೆದರೂ ಕುಡಿಯುವ ನೀರಿಗೆ ಬಳಸಬೇಡಿ.

ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಹಸುವಿಗೆ ಖನಿಜ ಮಿಶ್ರಣ ಕೊಡುವಂತೆ ನಿಮಗೂ ಅದು ಮರಳಿ ಬರಬೇಕು. ನಮ್ಮ ಮನೆಯಲ್ಲೇ ಇರುವ ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಕುಡಿದರೆ ಸಾಕು. ರಾಗಿ ಅಂಬಲಿ, ಜೋಳದ ಅಂಬಲಿ, ನಿಂಬೆ ಪಾನಕ ಎಲ್ಲವೂ ಒಳ್ಳೆಯವು. ತುಂಬ ಬೆವರಿದ ದಿನ ಒ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ ಕುಡಿಯಿರಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪು, ಸಕ್ಕರೆ, ನೀರಿನ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಿ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲು ಬೇಗ ತಟ್ಟುತ್ತದೆ. ಮಾತ್ರೆಯನ್ನು ನೀವಾಗಿಯೇ ಬಿಡದೆ ವೈದ್ಯರಿಗೆ ಹೇಳಿ. ಹಿಂದಿನ ರಾತ್ರಿ ಮದ್ಯ ಕುಡಿದವರು ಮರುದಿನ ಬಿಸಿಲಿನ ಕೆಲಸಕ್ಕೆ ಹೋಗದಿರುವುದೇ ಕ್ಷೇಮ.

ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯದು ಎನ್ನುವವರಿದ್ದಾರೆ. ಈರುಳ್ಳಿ ಊಟಕ್ಕೆ ರೊಟ್ಟಿಯ ಜೊತೆಗಿರಲಿ. ಅದನ್ನು ನಂಬಿ ನೀರಿನ ಕ್ಯಾನನ್ನು ಮನೆಯಲ್ಲಿ ಬಿಟ್ಟು ಬರಬೇಡಿ.

ಹೊಸಬರಿಗೆ ಒಂದು ವಾರ ಕೊಡಿ

ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನೂ ಕಡಿಮೆ ಕಳೆದುಕೊಳ್ಳುತ್ತದೆ. ಹಾಸ್ಟೆಲಿನಿಂದ ರಜೆಗೆ ಬಂದ ಮಗ, ಹೊಸದಾಗಿ ಸೇರಿದ ಡ್ರೈವರ್, ಜ್ವರದಿಂದ ಎದ್ದವರು ಮೊದಲ ದಿನವೇ ಐದು ಗಂಟೆ ಉತ್ತರೆ ಅಪಾಯ. ಮೊದಲ ದಿನ ಒಂದು ಗಂಟೆ, ಎರಡನೇ ದಿನ ಎರಡು, ಹೀಗೆ ಏರಿಸುತ್ತ ಹೋಗಿ. "ಗಟ್ಟಿಮುಟ್ಟಾದ ಹುಡುಗ, ಇವನಿಗೇನಾಗುತ್ತದೆ" ಎನ್ನಬೇಡಿ.

ಮೈ ಹೇಳುವ ಮಾತು ಕೇಳಿ

ಬಿಸಿಲಿನ ತೊಂದರೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೊದಲು ಕಾಲಿನ ಮೀನಖಂಡ, ಹೊಟ್ಟೆಯ ಸ್ನಾಯು ಸೆಳೆಯುತ್ತದೆ. ಆಮೇಲೆ ತಲೆನೋವು, ವಾಕರಿಕೆ, ಸುಸ್ತು, ತಲೆ ಸುತ್ತು, ವಿಪರೀತ ಬೆವರು. ಈ ಹಂತದಲ್ಲಿ ನಿಲ್ಲಿಸಿ ನೆರಳಿಗೆ ಬಂದು, ಮೈಗೆ ನೀರು ಹಾಕಿ, ಸ್ವಲ್ಪ ಸ್ವಲ್ಪವೇ ಕುಡಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಅರ್ಧ ಗಂಟೆಯಲ್ಲಿ ಹಗುರಾಗದಿದ್ದರೆ ಆಸ್ಪತ್ರೆಗೆ ಹೋಗಿ. ಹಗುರಾದರೂ ಆ ದಿನ ಮತ್ತೆ ಟ್ರ್ಯಾಕ್ಟರ್ ಹತ್ತಬೇಡಿ.

ಯಾಕಿಷ್ಟು ಒತ್ತಿ ಹೇಳುತ್ತೇವೆ ಗೊತ್ತೇ? ಹೊಲದಲ್ಲಿ ಕೈ ಎಕ್ಸಲೇಟರ್ ಇಟ್ಟು ಗೇರ್ ಹಾಕಿದ ಮೇಲೆ ಟ್ರ್ಯಾಕ್ಟರಿಗೆ ನೀವು ಬೇಕಿಲ್ಲ. ಕಣ್ಣು ಕತ್ತಲಿಟ್ಟು ನೀವು ವಾಲಿ ಬಿದ್ದರೂ ಅದು ಮುಂದೆ ಹೋಗುತ್ತಲೇ ಇರುತ್ತದೆ. ಬಿದ್ದವರ ಪಕ್ಕದಲ್ಲೇ ದೊಡ್ಡ ಗಾಲಿ, ಅದರ ಹಿಂದೆ ರೋಟವೇಟರ್. ನೆಲದ ಮೇಲೆ ಕೆಲಸ ಮಾಡುವವರಿಗೆ ತಲೆ ಸುತ್ತಿದರೆ ಕುಸಿದು ಕೂರುತ್ತಾರೆ. ಟ್ರ್ಯಾಕ್ಟರ್ ಮೇಲಿರುವವರಿಗೆ ಆ ಅವಕಾಶವಿಲ್ಲ. ಆದ್ದರಿಂದ ತಲೆ ಮೊದಲ ಸಲ ಹಗುರಾದಂತೆ ಅನಿಸಿದಾಗಲೇ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಪಿ.ಟಿ.ಓ. ಬಿಡಿಸಿ, ಸಲಕರಣೆ ನೆಲಕ್ಕಿಳಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ಆರಿಸಿ. ಆಮೇಲೆ ಹಿಡಿಕೆ ಹಿಡಿದು ಟ್ರ್ಯಾಕ್ಟರಿಗೆ ಮುಖ ಮಾಡಿ ನಿಧಾನ ಇಳಿಯಿರಿ. ನಾಲ್ಕು ಸಾಲು ನಾಳೆಯೂ ಅಲ್ಲೇ ಇರುತ್ತದೆ.

ಬಿಸಿಲಿನ ಹೊಡೆತವಾದರೆ: ಮೊದಲು ತಂಪು, ಆಮೇಲೆ ಸಾಗಣೆ

ಮೈಯ ಶಾಖ 40 ಡಿಗ್ರಿ, ಅಂದರೆ 104 ಫ್ಯಾರನ್‌ಹೀಟ್ ದಾಟಿ ಬುದ್ಧಿ ಮಂಕಾದರೆ ಅದು ಬಿಸಿಲಿನ ಹೊಡೆತ. ಮಾತು ತೊದಲುತ್ತದೆ, ಕೇಳಿದ್ದಕ್ಕೆ ಏನೋ ಉತ್ತರ ಬರುತ್ತದೆ, ನಡೆದರೆ ಓಲಾಡುತ್ತಾರೆ, ಸುಮ್ಮನೆ ರೇಗುತ್ತಾರೆ. ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಮೈ ಸುಡುತ್ತಿರುತ್ತದೆ. ಬೆವರು ನಿಂತಿರಬಹುದು, ಇನ್ನೂ ಬರುತ್ತಲೂ ಇರಬಹುದು. "ಬೆವರುತ್ತಿದ್ದಾರೆ, ಹಾಗಾಗಿ ಏನೂ ಇಲ್ಲ" ಎಂದು ಬಿಡಬೇಡಿ.

ಕರೆದ ಹಾಲನ್ನು ತಡಮಾಡದೆ 4 ಡಿಗ್ರಿಗೆ ತಂಪು ಮಾಡಬೇಕೆಂದೇ ಸಂಘಗಳಲ್ಲಿ ಬಿ.ಎಂ.ಸಿ. ಇಟ್ಟಿದ್ದೇವೆ. ತಡವಾದಷ್ಟೂ ಹಾಲು ಕೆಡುತ್ತದೆ, ಕೆಟ್ಟದ್ದು ಮತ್ತೆ ಸರಿಯಾಗದು. ಕಾದ ಮೆದುಳೂ ಹಾಗೆಯೇ. ತಂಪು ಮಾಡುವುದು ತಡವಾದಷ್ಟೂ ಹಾನಿ ಹೆಚ್ಚು. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ತನಕ ಕೈಕಟ್ಟಿ ಕೂರಬೇಡಿ.

ನೆರಳಿಗೆ ತನ್ನಿ, ಬಟ್ಟೆ ಬಿಚ್ಚಿ, ತಲೆಯಿಂದ ಕಾಲಿನ ತನಕ ನೀರು ಸುರಿಯುತ್ತಲೇ ಇರಿ. ಟವೆಲ್ಲಿನಿಂದ, ರಟ್ಟಿನಿಂದ ಜೋರಾಗಿ ಗಾಳಿ ಹಾಕಿ. ಹಸು ತೊಳೆಯುವ ಪೈಪು, ಔಷಧಿ ತಾಕದ ಯಾವ ನೀರಾದರೂ ಸರಿ. ಬಿಸಿಲಿನಲ್ಲಿ ಬಿದ್ದ ಪೈಪಿನ ಮೊದಲ ನೀರು ಸುಡುತ್ತಿರುತ್ತದೆ, ಅದನ್ನು ಹೊರಗೆ ಬಿಟ್ಟು ಆಮೇಲೆ ಸುರಿಯಿರಿ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಕಾರಣ ಹೊಲದಲ್ಲಿ ಒಂದು ಡ್ರಮ್ ನೀರು ನೆರಳಿನಲ್ಲಿ ಸದಾ ತುಂಬಿರಲಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ.

ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರ ಬಾಯಿಗೆ ನೀರು, ಮಜ್ಜಿಗೆ ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋಗಬಹುದು. ಪ್ರಜ್ಞೆ ಇಲ್ಲದಿದ್ದರೆ ಮಗ್ಗುಲಾಗಿ ಮಲಗಿಸಿ. ಜ್ವರದ ಮಾತ್ರೆ ಕೊಡಬೇಡಿ. ಈ ಶಾಖ ಮಾತ್ರೆಗೆ ಇಳಿಯುವುದಿಲ್ಲ. ಸುತ್ತ ಜನ ಮುತ್ತಿಕೊಂಡು ಗಾಳಿ ತಡೆಯಬೇಡಿ. ಆಂಬುಲೆನ್ಸಿನವರು ಬಂದು ವಹಿಸಿಕೊಳ್ಳುವ ತನಕ ತಂಪು ಮಾಡುವುದನ್ನು ನಿಲ್ಲಿಸಬೇಡಿ.

ಟ್ರ್ಯಾಕ್ಟರ್ ಮಾಲೀಕರಿಗೆ, ಮನೆಯವರಿಗೆ

ಡ್ರೈವರ್ ಇಟ್ಟು ಬಾಡಿಗೆಗೆ ಓಡಿಸುವವರು ಒಂದು ಮಾತು ನೆನಪಿಡಿ. ಗಂಟೆ ಲೆಕ್ಕದ, ಎಕರೆ ಲೆಕ್ಕದ ಕೆಲಸದಲ್ಲಿ ಡ್ರೈವರ್ ತಾನಾಗಿ ಟ್ರ್ಯಾಕ್ಟರ್ ನಿಲ್ಲಿಸುವುದಿಲ್ಲ, ನೀವು ಏನೆನ್ನುತ್ತೀರೋ ಎಂಬ ಅಳುಕು ಅವರಿಗಿರುತ್ತದೆ. "ಹನ್ನೊಂದಕ್ಕೆ ನಿಲ್ಲಿಸು, ತಲೆ ಸುತ್ತಿದರೆ ಇಳಿ, ಕೂಲಿ ಮುರಿಯುವುದಿಲ್ಲ" ಎಂಬ ಮಾತು ನಿಮ್ಮ ಬಾಯಿಂದಲೇ ಬರಬೇಕು. ಉಳುಮೆ ಮಾಡಿಸಿಕೊಳ್ಳುವ ಹೊಲದವರೂ ನೀರಿನ ಕೊಡ ಒಂದನ್ನು ಬದುವಿನ ಮೇಲೆ ಇಟ್ಟಿರಲಿ.

ಮನೆಯಲ್ಲಿರುವವರು ಹೊಲ ಯಾವುದು, ಎಷ್ಟು ಗಂಟೆಗೆ ಮರಳುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ಟ್ರ್ಯಾಕ್ಟರ್ ಸದ್ದಿನಲ್ಲಿ ಫೋನ್ ಕೇಳಿಸುವುದಿಲ್ಲ. ಆದ್ದರಿಂದ ಗಂಟೆಗೊಮ್ಮೆ ಅವರೇ ನಿಲ್ಲಿಸಿ ಫೋನ್ ಮಾಡಲಿ. ಹೇಳಿದ ಹೊತ್ತಿಗೆ ಕರೆ ಬರಲಿಲ್ಲವೆಂದರೆ "ಮರೆತಿರಬೇಕು" ಎಂದು ಸುಮ್ಮನಿರದೆ ಯಾರನ್ನಾದರೂ ಕಳುಹಿಸಿ.

ಟ್ರ್ಯಾಕ್ಟರ್ ಹತ್ತುವ ಮುನ್ನ ನೋಡಿಕೊಳ್ಳಿ

1. ಐದು ಲೀಟರ್ ನೀರಿನ ಕ್ಯಾನ್, ಉಪ್ಪು ಹಾಕಿದ ಮಜ್ಜಿಗೆ ಜೊತೆಗಿದೆಯೇ?
2. ಟಾಪ್ ಇದೆಯೇ? ಇಲ್ಲದಿದ್ದರೆ ಅಗಲ ಟೊಪ್ಪಿ, ಒದ್ದೆ ರುಮಾಲು ಇದೆಯೇ?
3. ಟವೆಲ್ಲಿನ ತುದಿ ಅಂಗಿಯೊಳಗಿದೆಯೇ? ಪಿ.ಟಿ.ಓ. ಕವರ್ ಇದೆಯೇ?
4. ಎಷ್ಟು ಗಂಟೆಗೆ ನಿಲ್ಲಿಸುತ್ತೇನೆಂದು ಮನೆಯಲ್ಲಿ ಹೇಳಿದ್ದೀರಾ?
5. ಫೋನಿನಲ್ಲಿ ಚಾರ್ಜ್ ಇದೆಯೇ? 108 ನೆನಪಿದೆಯೇ?

ಈ ಐದು ಸಾಲನ್ನು ಕತ್ತರಿಸಿ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡಿನ ಗೋಡೆಗೆ ಅಂಟಿಸಿ. ನಾಳೆ ಬೆಳಿಗ್ಗೆ ಕೊಟ್ಟಿಗೆಯ ತೊಟ್ಟಿಗೆ ನೀರು ತುಂಬುವಾಗ ನಿಮ್ಮ ಕ್ಯಾನನ್ನೂ ತುಂಬಿಕೊಳ್ಳಿ. ಸಂಜೆ ಹಸುಗಳು ಕಾಯುವುದು ನಿಮ್ಮ ಕೈಯ ಮೇವಿಗಾಗಿ, ಮನೆಯವರು ಕಾಯುವುದು ನಿಮಗಾಗಿ.